ಕೊರೆತ

ಪ್ಲೊಯೆಷ್ಟಿಯ ತೈಲ ವಿಶ್ವವಿದ್ಯಾಲಯದಲ್ಲಿ ನನ್ನದು ಎಣಿಸುವ ಕೆಲಸ.
ಯಾರ ಪ್ರಬಂಧವನ್ನು ಯಾರು, ಎಲ್ಲಿ, ಎಷ್ಟು ಸಲ ಉಲ್ಲೇಖಿಸಿದರು ಎಂದು
ಪ್ರತಿ ನವೆಂಬರಿನಲ್ಲಿ, ಮೂರನೇ ಮಹಡಿಯಲ್ಲಿ,
ಹೀಟರು ಹೊಟ್ಟೆ ಕೆಟ್ಟವರಂತೆ ಗುಡುಗುಡಿಸುವ ಕೋಣೆಯಲ್ಲಿ.

ಸ್ಮರಾಂದಾ ತಿಮುಷ್ ಅವರ ಓರೆ ಬಾವಿಯ ಪ್ರಬಂಧವೊಂದೇ
ಎರಡು ಸಾವಿರದ ಮುನ್ನೂರ ಹದಿನೇಳು ಮುಟ್ಟಿತು.
ಡೀನರು ಹಸಿರು ಶಾಯಿಯಲ್ಲಿ ಅಡಿಗೆರೆ ಎಳೆದರು.

ನಲವತ್ತು ವರ್ಷ ಆಕೆ ಕೆಸರನ್ನೇ ಓದಿದವರು:
ಬೈರಿಗೆಯ ಜೊತೆ ಬಾವಿಗಿಳಿದು
ಕಲ್ಲಿನ ಚೂರು ಹೊತ್ತು ಮೇಲೇರುವ ಬೂದು ಕೆಸರು.
'ಕೊರೆಯುವುದಕ್ಕೆ ಯಾರಾದರೂ ಕೊರೆದಾರು,
ಕೊರೆದದ್ದು ಹೊರಗೆ ಬರಬೇಕಲ್ಲ' ಎಂದು
ಪ್ರತಿ ವರ್ಷದ ಮೊದಲ ಪಾಠ.
ಹಿಂದಿನ ಬೆಂಚು ಆಕಳಿಸುತ್ತಿತ್ತು: ಶುರುವಾಯಿತು ಕೊರೆತ.
(ನಾನೂ ಆ ಬೆಂಚಿನವನೇ. ಎರಡು ಸಲ ಫೇಲು.)

ಎಣಿಸುತ್ತ ಎಣಿಸುತ್ತ ಒಂದು ಗೊತ್ತಾಗುತ್ತದೆ:
ಹೆಸರು ಹೇಳಿದವರೆಲ್ಲ ಓದಿದವರಲ್ಲ.
ಹದಿಮೂರು ಹೆಸರಿನ ಸರಪಳಿಯಲ್ಲಿ ಆಕೆ ಒಂದು ಕೊಂಡಿ.
ಟಲ್ಸಾದಲ್ಲಿ ಯಾರೋ ಇಸವಿ ತಪ್ಪು ಬರೆದರು,
ಅವರಿಂದ ನಕಲಿಸಿದ ಎಪ್ಪತ್ತು ಜನಕ್ಕೂ ಅದೇ ಇಸವಿ.
ಪೋರ್ಟ್ ಹಾರ್ಕೋರ್ಟಿನಲ್ಲಿ ಆಕೆ ಗಂಡಸಾದರು.
ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯಂತ್ರಕ್ಕೆ ಮುಖದಾಕ್ಷಿಣ್ಯವಿಲ್ಲ.

ಆಮೇಲೆ ಅಹ್ವಾಜಿನಿಂದ ಒಂದು ಬಂತು.
ಕಿಯಾನುಷ್ ಬೆಹ್ದರ್ವಂದ್, ಇನ್ನೂ ಪಿಎಚ್‌ಡಿ ಮುಗಿಸದ ಹುಡುಗ.
ನಾಲ್ಕು ಪುಟದ ತುಂಬ ಒಂದೇ ಮಾತು:
ತಿಮುಷ್ ಅವರ ಸಮೀಕರಣ ತಪ್ಪು.
ಚೂರು ಒಂದೇ ಸಮನೆ ಏರುವುದಿಲ್ಲ;
ಕೆಳಮೈಗೆ ಒರಗಿ, ಗುಡ್ಡೆ ಬಿದ್ದು, ಸುಮ್ಮನಿದ್ದು
ಒಮ್ಮೆಲೇ ಜರಿಯುತ್ತದೆ.

ಹೆದರುತ್ತಲೇ ಮುದ್ರಿಸಿ ಕೊಟ್ಟೆ.
ನಿಂತೇ ಓದಿದರು. ಕೂತು ಇನ್ನೊಮ್ಮೆ ಓದಿದರು.
'ಇವನೊಬ್ಬ ಓದಿದ್ದಾನೆ' ಅಂದರು.
ಕನ್ನಡಕ ತೆಗೆದರು. 'ತನಾಸೆ' ಅಂದರು.

ಮರುದಿನ ಬೂಟಿನ ಪೆಟ್ಟಿಗೆಯೊಂದು ತಂದರು.
ಒಳಗೆ ಬಿಡಿಸಿ ಚಪ್ಪಟೆ ಮಾಡಿದ ಸಿಗರೇಟು ಪೊಟ್ಟಣಗಳು,
ಇನ್ನೂರಕ್ಕೂ ಮೇಲೆ, ಡೀಸೆಲಿನ ವಾಸನೆ ಇನ್ನೂ ಬಿಟ್ಟಿರಲಿಲ್ಲ.
ಎಂಬತ್ತೈದರ ಚಳಿಗಾಲ, ಬೊಲ್ದೆಷ್ಟಿ, ಬಾವಿ ನಲವತ್ತೇಳು.
ಊರಿಗೆ ಊರೇ ದೀಪವಿಲ್ಲದೆ ಕೊರೆಯುವ ಚಳಿಯಲ್ಲಿ ಮಲಗಿದಾಗ
ರಾತ್ರಿ ಪಾಳಿಯ ತನಾಸೆ ಬುರ್ಲಾಕು
ಜರಡಿಯ ಮೇಲೆ ಬಿದ್ದ ಚೂರನ್ನು ಅರ್ಧ ಗಂಟೆಗೊಮ್ಮೆ
ಹೆಂಡತಿಯ ತರಕಾರಿ ತಕ್ಕಡಿಯಲ್ಲಿ ತೂಗಿ
ಪೆನ್ಸಿಲಿನಲ್ಲಿ ಬರೆದ ಲೆಕ್ಕ:

ಎರಡೂವರೆ. ಹನ್ನೊಂದು ಕಿಲೊ.
ಮೂರು. ಏನಿಲ್ಲ.
ಮೂರೂವರೆ. ಏನಿಲ್ಲ. ಹಿಮ.
ನಾಲ್ಕು. ಅರವತ್ತು, ಇನ್ನೂ ಬರುತ್ತಿದೆ, ತಕ್ಕಡಿ ಸಾಲದು.

'ಏನಿಲ್ಲ'ಗಳ ಮೇಲೆಲ್ಲ ಕೆಂಪು ಗೀಟು, ಆಕೆಯದೇ ಕೈ.
ಅಂಚಿನಲ್ಲಿ ಸಣ್ಣಗೆ: ನಿದ್ದೆ ಹೋಗಿರಬೇಕು.
ನಾಲ್ಕರ ಅರವತ್ತನ್ನು ಮೂರು ಪಾಲು ಮಾಡಿ ಹಂಚಿ
ಗೆರೆಯನ್ನು ನಯ ಮಾಡಿದ್ದರು.
ಆ ನಯವಾದ ಗೆರೆಯನ್ನೇ ಲೋಕ
ಎರಡು ಸಾವಿರದ ಮುನ್ನೂರ ಹದಿನಾರು ಸಲ ನಂಬಿತು.

'ಎಚ್ಚರವಾಗಿಯೇ ಇದ್ದನಲ್ಲ' ಅಂದರು. ಅಷ್ಟೇ.

ಪ್ರಬಂಧದ ಕೊನೆಗೆ ಆತನಿಗೊಂದು ಕೃತಜ್ಞತೆಯ ಸಾಲಿದೆ ನಿಜ.
ಕೃತಜ್ಞತೆಯನ್ನು ನಾವು ಎಣಿಸುವುದಿಲ್ಲ,
ಅದಕ್ಕೆ ಅಂಕಣವೇ ಇಲ್ಲ.

ನಿವೃತ್ತಿಗೆ ಮೂರು ವಾರವಿದ್ದಾಗ
ಒಂದು ಪುಟದ ತಿದ್ದುಪಡಿ ಕಳಿಸಿದರು.
ಇಬ್ಬರು ಲೇಖಕರು. ಸತ್ತು ಇಪ್ಪತ್ತು ವರ್ಷವಾದವನ ಹೆಸರು ಮೊದಲು.
ಬೀಳ್ಕೊಡುಗೆಯಲ್ಲಿ ಡೀನರು
ಹಳೆಯ ಪ್ರಬಂಧದ ಸಂಖ್ಯೆಯನ್ನೇ ಓದಿದರು,
ಚಪ್ಪಾಳೆಯೂ ಬಿತ್ತು.
ಆಕೆ ಕೇಕಿನ ಮೇಲಿನ ಸಕ್ಕರೆಯ ಡೆರಿಕ್ಕನ್ನು
ಚಮಚದಿಂದ ಎತ್ತಿ ನನ್ನ ತಟ್ಟೆಗಿಟ್ಟರು.

ಇವತ್ತು ಮತ್ತೆ ನವೆಂಬರು.
ಬುರ್ಲಾಕು ತ. ಉಲ್ಲೇಖ: ಒಂದು. ಅಹ್ವಾಜಿನದು.
ಲೇಖಕರ ಸಂಸ್ಥೆ ಯಾವುದು ಎಂದು ಫಾರಂ ಕೇಳಿತು.
ಬಾವಿ ನಲವತ್ತೇಳು, ರಾತ್ರಿ ಪಾಳಿ ಎಂದು ತುಂಬಿದೆ.
ಅಂಥ ಸಂಸ್ಥೆ ಪಟ್ಟಿಯಲ್ಲಿಲ್ಲ ಅಂದಿತು.
ಮತ್ತೆ ತುಂಬಿದೆ.